ಮಳೆ ಬಂದ ಮೇಲೂ ಉಳಿಯುವ ಬರ

ಮನೆ ಕಟ್ಟಿಸುವಾಗ ಬೇರೆಲ್ಲ ಕಡೆ ಕೈ ಬಿಗಿಹಿಡಿದರೂ ಮುಂಬಾಗಿಲು ಮಾತ್ರ ತೇಗದ್ದೇ ಆಗಬೇಕು ಎಂಬ ಆಸೆ ನಮ್ಮಲ್ಲಿ ಬಹಳ ಮಂದಿಗೆ ಇರುತ್ತದೆ. ಸಾಮಿಲ್ಲಿನಲ್ಲಿ ದಿಮ್ಮಿ ಆರಿಸುವ ದಿನ ಬಡಗಿ ಆಚಾರ್ರು ಜೊತೆಗೆ ಬಂದು, ಕೊಯ್ದ ತುದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಗಳಿಗೆ ದಿಟ್ಟಿಸುತ್ತಾರೆ. ಕೆಚ್ಚು ಎಷ್ಟಿದೆ, ಹೊರಗಿನ ಬಿಳಿ ಭಾಗ ಎಷ್ಟು ಕಳೆಯಬೇಕಾದೀತು, ಒಳಗೆ ಬಿರುಕು ಬಿಟ್ಟಿದೆಯೇ ಎಂಬುದು ಅವರ ಲೆಕ್ಕ. ನಾವು ಹಿಂದೆ ನಿಂತು ಬೆಲೆಯ ಯೋಚನೆಯಲ್ಲಿರುತ್ತೇವೆ. ಆ ತುದಿಯಲ್ಲಿ ಒಂದರ ಸುತ್ತ ಒಂದು ಹಬ್ಬಿಕೊಂಡ ಗೆರೆಗಳನ್ನು ನೋಡಿಯೂ ನೋಡದಂತಿರುತ್ತೇವೆ. ಕೆಲವು ಸುತ್ತು ಧಾರಾಳವಾಗಿ ಅಗಲ, ಕೆಲವು ನೂಲೆಳೆಯಷ್ಟು ತೆಳು. ಆ ಮರ ಕಂಡ ಒಂದೊಂದು ಮಳೆಗಾಲವೂ ಅಲ್ಲಿ ಸಾಲಾಗಿ ಬರೆದಿದೆ.

ಉಷ್ಣವಲಯದ ಹೆಚ್ಚಿನ ಮರಗಳಲ್ಲಿ ಇಷ್ಟು ಸ್ಪಷ್ಟವಾದ ವರ್ಷದ ಗೆರೆ ಮೂಡುವುದಿಲ್ಲ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಮಾಡುವ ಕೆಲಸವನ್ನು ತೇಗಕ್ಕೆ ನಮ್ಮ ಒಣ ತಿಂಗಳುಗಳು ಮಾಡುತ್ತವೆ. ಮಳೆ ಹಿಂದೆ ಸರಿದು ನೆಲ ಒಣಗುತ್ತಿದ್ದಂತೆ ಮರ ಎಲೆ ಉದುರಿಸುತ್ತದೆ. ತೊಗಟೆಯ ಒಳಮಗ್ಗುಲಲ್ಲಿ ಹೊಸ ಕಟ್ಟಿಗೆಯನ್ನು ಹುಟ್ಟಿಸುವ ತೆಳುವಾದ ಪದರವೊಂದಿದೆ, ಅದು ನಿದ್ದೆಗೆ ಜಾರುತ್ತದೆ. ಮುಂಗಾರಿನ ಹದಕ್ಕೆ ಎಚ್ಚೆತ್ತು ಮೊದಲು ಬರಿಗಣ್ಣಿಗೂ ಕಾಣುವಷ್ಟು ದೊಡ್ಡ ನೀರ್ಗೊಳವೆಗಳನ್ನು, ಆಮೇಲೆ ಬಿಗಿಯಾದ ಕಟ್ಟಿಗೆಯನ್ನು ಕಟ್ಟುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ಕಾಡುಗಳ ತೇಗದ ಸುತ್ತುಗಳನ್ನು ಒಂದಕ್ಕೊಂದು ತಾಳೆ ನೋಡಿ 523 ವರ್ಷಗಳ ದಾಖಲೆಯೊಂದನ್ನು ಜೋಡಿಸಿ 2010ರಲ್ಲಿ ಪ್ರಕಟಿಸಿದರು. ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೂ ಮೊದಲಿನಿಂದ ಅದು ಶುರುವಾಗುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರು ಸೊರಗುವ ಎಲ್ ನಿನೊ ವರ್ಷಗಳಲ್ಲಿ ಬಹಳಷ್ಟು ಅಲ್ಲಿ ತೆಳು ಸುತ್ತುಗಳಾಗಿ ನಿಂತಿವೆ. ಯಾರೂ ಮಳೆ ಅಳೆಯದಿದ್ದ ಕಾಲದ ಮಳೆಯನ್ನು ಮರಗಳು ಅಳೆದಿಟ್ಟಿವೆ ಎಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ನೀರು ಸಾಲದ ವರ್ಷ ಮರದೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಲೆಯ ಮೈಮೇಲೆ ಪತ್ರರಂಧ್ರಗಳೆಂಬ ಅತಿ ಸಣ್ಣ ಬಾಯಿಗಳಿವೆ. ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡು ಅಲ್ಲಿಂದಲೇ ಒಳಗೆ ಬರಬೇಕು, ಬೇರು ಕಷ್ಟಪಟ್ಟು ತಂದ ನೀರು ಅಲ್ಲಿಂದಲೇ ಆವಿಯಾಗಿ ಹೊರಗೆ ಹೋಗುತ್ತದೆ. ನೆಲ ಒಣಗಿದಾಗ ಮರ ಆ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಊಟ ತಪ್ಪುತ್ತದೆ. ತೆರೆದೇ ಇಟ್ಟುಕೊಂಡರೆ ಅಪಾಯ ಇನ್ನೊಂದು ಬಗೆಯದು. ಬೇರಿನಿಂದ ತುದಿಯ ಎಲೆಯವರೆಗೆ ಕಡಿಯದೆ ಏರುವ ನೀರಿನ ಎಳೆ ಬಿಗಿತ ತಾಳಲಾರದೆ ತುಂಡಾಗುತ್ತದೆ, ಕೊಳವೆಯೊಳಗೆ ಗಾಳಿಯ ಗುಳ್ಳೆ ಸೇರುತ್ತದೆ, ಆ ಕೊಳವೆ ಆಮೇಲೆ ನೀರೇರಿಸುವುದಿಲ್ಲ. ಹೀಗೆ ಕೆಟ್ಟ ಕೊಳವೆಗಳು ಹೆಚ್ಚಿದಂತೆ ತುದಿಯ ಕೊಂಬೆಗಳು ಒಣಗುತ್ತಾ ಬರುತ್ತವೆ.

ಇದಕ್ಕೂ ಬಹಳ ಮೊದಲೇ ಮರದ ಬೆಳವಣಿಗೆ ನಿಂತಿರುತ್ತದೆ. ಹೊಸ ಜೀವಕೋಶ ಹಿಗ್ಗಬೇಕಾದರೆ ಅದರೊಳಗೆ ನೀರಿನ ಒತ್ತಡ ಬೇಕು. ಬಿಸಿಲಿನಲ್ಲಿ ಎಲೆ ಆಹಾರ ತಯಾರಿಸುತ್ತಿದ್ದರೂ ಕಾಂಡದಲ್ಲಿ ಆ ಒತ್ತಡ ಇಲ್ಲದಿದ್ದರೆ ದಪ್ಪವಾಗುವ ಕೆಲಸ ನಡೆಯದು. ಸ್ವಿಟ್ಜರ್ಲೆಂಡಿನ ಕಾಡುಗಳಲ್ಲಿ ಏಳು ಜಾತಿಯ ಮರಗಳ ಕಾಂಡಗಳಿಗೆ ಸೂಕ್ಷ್ಮ ಮಾಪಕಗಳನ್ನು ಕಟ್ಟಿ ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿಗಳು, ಮರಗಳು ಬೆಳೆಯುವುದು ಮುಖ್ಯವಾಗಿ ರಾತ್ರಿಯ ಹೊತ್ತು ಎಂದು 2021ರಲ್ಲಿ ತೋರಿಸಿಕೊಟ್ಟರು. ಹಗಲಿನ ಒಣ ಗಾಳಿ ಎಲೆಗಳಿಂದ ನೀರೆಳೆಯುವಾಗ ಕಾಂಡ ಕೊಂಚ ಕುಗ್ಗುತ್ತದೆ. ಕತ್ತಲಾಗಿ ಗಾಳಿಯಲ್ಲಿ ತೇವ ಕೂಡಿದ ಮೇಲೆ ಕಾಂಡ ನೀರು ತುಂಬಿಕೊಂಡು, ಆ ಕೆಲವೇ ಗಂಟೆಗಳಲ್ಲಿ ಕೂದಲೆಳೆಗಿಂತಲೂ ಸಣ್ಣ ಪ್ರಮಾಣದಲ್ಲಿ ಬೆಳೆಯುತ್ತದೆ. ಹಾಗಾಗಿ ಮರಕ್ಕೆ ನೆಲದ ತೇವದಷ್ಟೇ ಗಾಳಿಯ ತೇವವೂ ಮುಖ್ಯ.

ಭೂಮಿ ಬಿಸಿಯೇರುವುದರ ಪೆಟ್ಟು ಬೀಳುವುದು ಇಲ್ಲೇ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಆವಿ ಅಷ್ಟು ಒದಗದಿದ್ದರೆ ಗಾಳಿಯ ದಾಹವೂ ಹೆಚ್ಚುತ್ತದೆ, ಆ ದಾಹವನ್ನು ಅದು ಎಲೆಗಳಿಂದ, ಮಣ್ಣಿನಿಂದ ತೀರಿಸಿಕೊಳ್ಳುತ್ತದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತದೆ. ಅಂಕಿ ನೋಡಿದರೆ ಸಣ್ಣದು. ಆದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಮಳೆ ಎಷ್ಟು ಕಡಿಮೆ ಬಿದ್ದಿತ್ತೋ ಈಗಲೂ ಅಷ್ಟೇ ಕಡಿಮೆ ಬಿದ್ದರೆ, ಅವನು ಕಂಡ ಬರಕ್ಕಿಂತ ನಾವು ಕಾಣುವ ಬರ ಮರದ ಪಾಲಿಗೆ ಕಠಿಣ. ಮೃಗಶಿರಕ್ಕೂ ಆರಿದ್ರಾಕ್ಕೂ ನಡುವೆ ಎರಡು ವಾರ ಮಳೆ ಬಿಡುವು ಕೊಟ್ಟರೆ ಹಿಂದೆ ತಡೆದುಕೊಳ್ಳುತ್ತಿದ್ದ ಸಸಿ ಈಗ ಬಾಡಬಹುದು. ಮಳೆಮಾಪಕ ಇದನ್ನು ಹೇಳುವುದಿಲ್ಲ. ಅದು ಬಿದ್ದ ನೀರನ್ನು ಮಾತ್ರ ಎಣಿಸುತ್ತದೆ.

ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಗಿಡಮರಗಳಿಗೆ ಒಳ್ಳೆಯದೇ ಅಲ್ಲವೇ ಎಂದು ಓದಿಕೊಂಡ ಮಕ್ಕಳು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಗಾಳಿಯಲ್ಲಿ ಅದು ಹೆಚ್ಚಿದ್ದರೆ ಎಲೆ ಬಾಯಿಯನ್ನು ಕಡಿಮೆ ತೆರೆದರೂ ಸಾಕಾಗುತ್ತದೆ, ನೀರು ಉಳಿಯುತ್ತದೆ. ಬೊಲಿವಿಯಾ, ಕ್ಯಾಮರೂನ್ ಮತ್ತು ಥಾಯ್ಲೆಂಡಿನ ಕಾಡುಗಳಲ್ಲಿ ಸುಮಾರು 1,100 ಮರಗಳ ಸುತ್ತುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದೂ ಅದೇ: 150 ವರ್ಷಗಳಲ್ಲಿ ಮರಗಳು ನೀರನ್ನು ಹೆಚ್ಚು ಮಿತವಾಗಿ ಬಳಸಲು ಕಲಿತಿವೆ. ಆದರೆ ಅವು ಹಿಂದಿಗಿಂತ ಬೇಗ ಬೆಳೆದ ಗುರುತು ಸಿಗಲಿಲ್ಲ. ಚಳಿನಾಡುಗಳಲ್ಲಾದರೂ ಬಿಸಿ ಹೆಚ್ಚಿದ್ದು ಮರಗಳಿಗೆ ವರವಾಗಬಹುದಿತ್ತು, ಕೆಲವೆಡೆ ಆಗಿದೆ ಕೂಡ. ಅಲಾಸ್ಕಾದ ಸ್ಪ್ರೂಸ್ ಮರಗಳಲ್ಲಿ ಮಾತ್ರ 20ನೇ ಶತಮಾನದ ಬಿಸಿ ನೀರಿನ ಕೊರತೆಯಾಗಿ ಕಾಡಿ ಬೆಳವಣಿಗೆ ತಗ್ಗಿದ್ದು ಕಂಡಿತು. ನಮ್ಮ ಹಿಮಾಲಯದ ಭೂರ್ಜವೃಕ್ಷದ ಕಥೆಯೂ ಅಂಥದೇ. ಪುರಾತನರು ಗ್ರಂಥ ಬರೆಯಲು ತೊಗಟೆ ಬಿಡಿಸಿಕೊಳ್ಳುತ್ತಿದ್ದ ಆ ಮರ ಕಾಡಿನ ಮೇಲಂಚಿನಲ್ಲಿ, ಇನ್ನು ಮೇಲಕ್ಕೆ ಮರವೇ ಬೆಳೆಯದ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿ ಅದನ್ನು ತಡೆಯುವುದು ಚಳಿ ಎಂದೇ ಯಾರಾದರೂ ಊಹಿಸುತ್ತಾರೆ. ನೇಪಾಳದ ಕಡೆ ಸುತ್ತುಗಳನ್ನು ಪರೀಕ್ಷಿಸಿದವರಿಗೆ, ಮುಂಗಾರಿಗೆ ಮುಂಚಿನ ಮಾರ್ಚ್‌ನಿಂದ ಮೇವರೆಗಿನ ಒಣಹವೆಯೇ ಅದನ್ನು ಹೆಚ್ಚು ಹಿಡಿದು ನಿಲ್ಲಿಸುತ್ತಿದೆ ಎಂದು ತಿಳಿಯಿತು.

ನಮ್ಮ ಸಮೀಪದ ಕಾಡಿಗೇ ಬರೋಣ. ಮೈಸೂರಿನಿಂದ ಊಟಿಗೆ ಹೋದವರೆಲ್ಲ ಬಂಡೀಪುರ ದಾಟಿ, ಕೆಕ್ಕನಹಳ್ಳದ ಗಡಿ ದಾಟಿ ಮುದುಮಲೆಯ ಕಾಡಿನೊಳಗೆ ಸಾಗಿದವರೇ. ಆ ಮುದುಮಲೆಯಲ್ಲಿ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು 50 ಹೆಕ್ಟೇರ್ ಕಾಡನ್ನು ಗುರುತಿಸಿ, ಎದೆಯೆತ್ತರದಲ್ಲಿ ಒಂದು ಸೆಂಟಿಮೀಟರ್‌ಗಿಂತ ದಪ್ಪವಿದ್ದ ಪ್ರತಿಯೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಹಾಕಿ, ಅದರ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಹಾಗೆ ಲೆಕ್ಕಕ್ಕೆ ಬಂದವು 25,000ಕ್ಕೂ ಹೆಚ್ಚು. ನಂದಿ, ಮತ್ತಿ, ದಿಂಡಿಗ, ತೇಗ ಇವು ಅಲ್ಲಿಯ ದೊಡ್ಡ ಮರಗಳು. ಅಂದಿನಿಂದ ವರ್ಷಕ್ಕೊಮ್ಮೆ ಸತ್ತದ್ದೆಷ್ಟು, ಹೊಸದಾಗಿ ಬಂದದ್ದೆಷ್ಟು ಎಂಬ ಎಣಿಕೆ, ನಾಲ್ಕು ವರ್ಷಕ್ಕೊಮ್ಮೆ ಸುತ್ತಳತೆ. ಆನೆ ತುಳಿಯುವ, ಹುಲಿ ಸುಳಿಯುವ ಕಾಡಿನಲ್ಲಿ ಟೇಪು ಹಿಡಿದು ಒಂದೊಂದೇ ಮರದ ಬಳಿಗೆ ಹೋಗುವ ಕೆಲಸವಿದು. ಇಂಥ ತಾಳ್ಮೆಯ ದುಡಿಮೆಗೆ ನಾವು ಎಷ್ಟು ಋಣಿಗಳಾಗಿದ್ದರೂ ಕಡಿಮೆಯೇ.

ಅಷ್ಟು ವರ್ಷಗಳ ಪುಸ್ತಕದಿಂದ ಹೊರಬಿದ್ದ ಸಂಗತಿಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಲ್ಲಿ ಎಳೆಯ ಮರಗಳನ್ನು ಹೆಚ್ಚಾಗಿ ಬೆಂಕಿಯೂ ಆನೆಗಳೂ ಕೊಲ್ಲುತ್ತವೆ. ಅದು ಕಣ್ಣೆದುರಿಗೆ, ಆ ವರ್ಷವೇ ಲೆಕ್ಕಕ್ಕೆ ಬರುವ ಸಾವು. ಮಳೆ ಕೈಕೊಟ್ಟದ್ದರ ಫಲ ಹಾಗಲ್ಲ. 19 ವರ್ಷಗಳ ಮಳೆಯನ್ನೂ ಮರಗಳ ಸಾವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಬರಕ್ಕೂ ಅದರಿಂದಾದ ಸಾವಿಗೂ ನಡುವೆ ಎರಡು ಮೂರು ವರ್ಷದ ಅಂತರ ಕಂಡಿತು. ಕೆರೆಕಟ್ಟೆ ತುಂಬಿ, ಕಾಡು ಹಸಿರಾಗಿ, ಜಿಂಕೆಗಳಿಗೆ ಮೇವು ಸಿಕ್ಕಿ, ಎಲ್ಲವೂ ಸರಿಹೋಯಿತು ಎನ್ನುವ ಹೊತ್ತಿನಲ್ಲಿ ಹಿಂದಿನ ಬರ ತನ್ನ ಪಾಲು ಕೇಳಿಕೊಂಡು ಬರುತ್ತದೆ.

ಸಾಯದೆ ಉಳಿದ ಮರಗಳಿಗೂ ಇದೇ ಪಾಡು. ಪ್ರಪಂಚದ 1,338 ಕಾಡುಗಳಿಂದ ಸಂಗ್ರಹಿಸಿದ ಮರದ ಸುತ್ತುಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ತೀವ್ರ ಬರದ ಮರುವರ್ಷ, ಮಳೆ ಸರಿಯಾಗಿ ಬಿದ್ದಿದ್ದರೂ, ಬೆಳವಣಿಗೆ ನಿರೀಕ್ಷೆಗಿಂತ ಸುಮಾರು ಶೇಕಡಾ 9ರಷ್ಟು ಕಡಿಮೆ. ಅದರ ಮರುವರ್ಷ ಶೇಕಡಾ 5ರಷ್ಟು ಕಡಿಮೆ. ಕೆಲವು ಕಾಡುಗಳಿಗೆ ಚೇತರಿಸಿಕೊಳ್ಳಲು ನಾಲ್ಕು ವರ್ಷದವರೆಗೂ ಹಿಡಿದಿದೆ, ಒಣ ನಾಡಿನವಕ್ಕೆ ಹೊಡೆತ ಹೆಚ್ಚು. ಬಯಲುಸೀಮೆಯ ರೈತ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರದ ವರ್ಷ ಬಿತ್ತನೆಯ ಕಾಳನ್ನೂ ತಿಂದು, ಎತ್ತು ಮಾರಿ, ಕೈಸಾಲ ಮಾಡಿದ ಮನೆಗೆ ಮರುವರ್ಷ ಒಳ್ಳೆಯ ಬೆಳೆ ಬಂದರೂ ಕಣಜ ತುಂಬುವುದಿಲ್ಲ. ಮೊದಲ ಸುಗ್ಗಿ ಸಾಲಕ್ಕೆ, ಎರಡನೆಯದು ಎತ್ತಿಗೆ, ಏನಾದರೂ ಉಳಿಯುವುದು ಮೂರನೆಯ ಸುಗ್ಗಿಗೆ. ಮರವೂ ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಬರದಲ್ಲಿ ಖರ್ಚು ಮಾಡಿರುತ್ತದೆ. ಮಳೆ ಬಂದ ಕೂಡಲೇ ಅದು ದಪ್ಪವಾಗಲು ಹೊರಡುವುದಿಲ್ಲ. ಉದುರಿದ ಎಲೆಯನ್ನು ಮತ್ತೆ ಹೊರಡಿಸಬೇಕು, ಸತ್ತ ಬೇರಿನ ಕೂದಲುಗಳನ್ನು ಮತ್ತೆ ಬೆಳೆಸಬೇಕು, ಗಾಳಿಗುಳ್ಳೆ ಹೊಕ್ಕು ಕೆಟ್ಟ ಕೊಳವೆಗಳ ಬದಲಿಗೆ ಹೊಸದನ್ನು ಕಟ್ಟಬೇಕು, ಪಿಷ್ಟದ ದಾಸ್ತಾನನ್ನು ತುಂಬಿಕೊಳ್ಳಬೇಕು. ಈ ಅವಧಿಯಲ್ಲಿ ಕಾಂಡ ಕೊರೆಯುವ ಹುಳುವನ್ನು ತಡೆಯುವ ಅಂಟು, ರಾಳಗಳಿಗೂ ಅದರಲ್ಲಿ ಶಕ್ತಿ ಸಾಲದು. ಬರದಿಂದ ಪಾರಾದ ಮರ ಆಮೇಲೆ ಹುಳುವಿಗೆ, ಬೂಷ್ಟಿಗೆ ಬಲಿಯಾಗುವುದು ಹೀಗೆ.

ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಬೆಳೆಗಾರರಿಗೆ ಇದು ಅನುಭವದ ಮಾತು. ತೆಂಗಿನ ಹೊಂಬಾಳೆಯ ಮೊಳಕೆ ಮರದ ಸುಳಿಯೊಳಗೆ ಕುಡಿಯೊಡೆಯುವುದು ಅದು ಅರಳುವುದಕ್ಕೆ ಎರಡೂವರೆ ವರ್ಷದಷ್ಟು ಮೊದಲು. ಅರಳಿದ ಮೇಲೆ ಕಾಯಿ ಬಲಿಯಲು ಮತ್ತೆ ಒಂದು ವರ್ಷ. ಹಾಗಾಗಿ ಈ ಬೇಸಿಗೆಯ ಬರ ಮುಂದಿನ ಎರಡು ಮೂರು ವರ್ಷದ ಇಳುವರಿಯಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ತೋಟದ ಯಜಮಾನರು ಅದನ್ನು ಬಲ್ಲರು, ಕೊಬ್ಬರಿಯ ಲೆಕ್ಕದಲ್ಲಿ ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಕಾಡಿಗೆ ಹಾಗೆ ಲೆಕ್ಕ ಇಡುವ ಯಜಮಾನರಿಲ್ಲ.

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮುಂದಿನ ವರ್ಷ ಮುಂಗಾರು ಕೈಹಿಡಿಯಿತು, ಜುಲೈ ಹೊತ್ತಿಗೆ ಕನ್ನಂಬಾಡಿ ತುಂಬಿತು, ಬಾಗಿನ ಅರ್ಪಿಸಿದ್ದೂ ಆಯಿತು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ದಿನಗಳು ಕೆಲವೇ ವಾರಗಳಲ್ಲಿ ನಮ್ಮ ಮಾತಿನಿಂದ ಮರೆಯಾದವು. ಇದು ನಮ್ಮ ತಪ್ಪೇನಲ್ಲ, ದುಃಖವನ್ನು ಬೇಗ ಮರೆಯುವುದರಿಂದಲೇ ಸಂಸಾರಗಳು ಮುಂದೆ ಸಾಗುತ್ತವೆ. ಆದರೆ ನಾವು ಮರೆತ ಹೊತ್ತಿನಲ್ಲೇ ಮರಗಳಿಗೆ ಆಸರೆ ಹೆಚ್ಚು ಬೇಕಾಗಿರುತ್ತದೆ. ಬರಗಾಲದಲ್ಲಿ ಎಲ್ಲರಿಗೂ ಕನಿಕರ ಇರುತ್ತದೆ. ಬರ ಕಳೆದ ಎರಡನೆಯ, ಮೂರನೆಯ ವರ್ಷದಲ್ಲಿ ಕನಿಕರ ಇಟ್ಟುಕೊಳ್ಳುವುದಕ್ಕೆ ಕೊಂಚ ತಿಳಿವಳಿಕೆಯೂ ಬೇಕು.

ಕಾಡಿನ ವಿಷಯದಲ್ಲಿ ಆ ತಿಳಿವಳಿಕೆ ಬಹುಮಟ್ಟಿಗೆ ಬೆಂಕಿಯ ಎಚ್ಚರವೇ. ಬರದಲ್ಲಿ ಸತ್ತ ಕೊಂಬೆ, ಉದುರಿದ ತರಗು, ಮುಂದಿನ ಮಳೆಗೆ ಎತ್ತರಕ್ಕೆ ಎದ್ದು ಮತ್ತೆ ಒಣಗಿದ ಹುಲ್ಲು, ಎಲ್ಲೆಲ್ಲೂ ಹಬ್ಬಿದ ಲಂಟಾನದ ಪೊದೆ ಎಲ್ಲ ಸೇರಿದರೆ ಒಂದು ಕಿಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವು ಕಂಡಿದ್ದೇವೆ. ಚೇತರಿಸಿಕೊಳ್ಳುತ್ತಿರುವ ಮರಕ್ಕೆ ನೆಲಬೆಂಕಿಯ ಬಿಸಿಯೂ ದೊಡ್ಡ ಪೆಟ್ಟು. ಬೇಸಿಗೆಗೆ ಮೊದಲು ಬೆಂಕಿರೇಖೆ ಮಾಡುವ, ತಿಂಗಳುಗಟ್ಟಲೆ ಹಗಲು ರಾತ್ರಿ ಕಾಡು ಕಾಯುವ ಹಾಡಿಯ ಜನರಿಗೆ ಕೂಲಿ ವೇಳೆಗೆ ಸರಿಯಾಗಿ ತಲುಪಬೇಕು ಎಂದು ನಾವೂ ದನಿಗೂಡಿಸಬಹುದು. ಕಾಡಿನ ದಾರಿಯಲ್ಲಿ ಹೋಗುವಾಗ ಕಾರಿನೊಳಗಿನ ಬೀಡಿ ಸಿಗರೇಟು ಹೊರಗೆ ಬೀಳದಂತೆ ನೋಡಿಕೊಳ್ಳುವುದಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ.

ಶಿರಸಿ, ಸಿದ್ದಾಪುರ, ಸಾಗರದ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟಗಳುಂಟು. ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ಅಲ್ಲಿಂದಲೇ ಬರಬೇಕು. ಮಳೆ ಕಡಿಮೆಯಾದ ವರ್ಷದ ಬೆನ್ನಲ್ಲೇ ಎಂದಿನಷ್ಟು ಸೊಪ್ಪು ಕಡಿದರೆ, ಮರ ಹಳೆಯ ನಷ್ಟ ತುಂಬಿಕೊಳ್ಳಲು ಹೊರಡಿಸಿದ ಎಲೆಯನ್ನೇ ನಾವು ಇಳಿಸಿಕೊಂಡಂತಾಗುತ್ತದೆ. ಹಿಂದಿನ ವರ್ಷದ ಚಿತ್ತೆ, ಸ್ವಾತಿಯ ಮಳೆ ಸರಿಯಾಗಿ ಆಗದಿದ್ದರೆ ಈ ವರ್ಷ ಬೆಟ್ಟದ ಒಂದು ಭಾಗವನ್ನು ಮುಟ್ಟದೆ ಬಿಡೋಣ ಎಂದು ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದು ಕಷ್ಟವೇನಲ್ಲ. ಅದರ ಬದಲಿಗೆ ಒಣ ತರಗನ್ನು ಹೆಚ್ಚು ಬಳಸಬಹುದು, ಆದರೆ ಅದನ್ನೂ ನೆಲ ಕಾಣುವಂತೆ ಗುಡಿಸಿ ತರುವುದು ಸಲ್ಲ. ಮರದಡಿಯ ತೇವ ಉಳಿದಿರುವುದು ಆ ಹೊದಿಕೆಯಿಂದಲೇ.

ಪಟ್ಟಣದಲ್ಲಿರುವ ನಮ್ಮ ಪಾಲಿಗೆ ಬಂದದ್ದು ಬೀದಿಯ ಹೊಂಗೆ, ಎದುರುಮನೆಯ ಬೇವು, ವನಮಹೋತ್ಸವದಲ್ಲಿ ಊರವರೆಲ್ಲ ಸೇರಿ ನೆಟ್ಟ ಸಸಿಗಳು. ಸಸಿಗೆ ಮೊದಲ ಬೇಸಿಗೆಯಲ್ಲಿ ನೀರು ಹಾಕುವವರು ಸಿಗುತ್ತಾರೆ. ಎರಡನೆಯ ಬೇಸಿಗೆಗೆ ಚಿಗುರಿದೆಯಲ್ಲ, ಇನ್ನು ತಾನೇ ಬದುಕಿಕೊಳ್ಳುತ್ತದೆ ಎಂದು ಬಿಟ್ಟುಬಿಡುತ್ತೇವೆ. ಬೇರು ಆಳಕ್ಕೆ ಇಳಿಯುವವರೆಗೆ, ಎಂದರೆ ಮೂರನೆಯ ಬೇಸಿಗೆ ಕಳೆಯುವವರೆಗಾದರೂ ಅದಕ್ಕೆ ವಾರಕ್ಕೊಮ್ಮೆ ನಾಲ್ಕು ಬಿಂದಿಗೆ ನೀರು ಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಆದರೂ ಆದೀತು. ದೊಡ್ಡ ಮರಕ್ಕೆ ಬುಡಕ್ಕೇ ಸುರಿದು ಪ್ರಯೋಜನ ಕಡಿಮೆ, ನೀರು ಹೀರುವ ಸಣ್ಣ ಬೇರುಗಳು ಇರುವುದು ಕೊಂಬೆಗಳ ನೆರಳು ಬೀಳುವ ಅಂಚಿನ ಆಸುಪಾಸಿನಲ್ಲಿ. ಬುಡಕ್ಕೆ ಒತ್ತಿಕೊಂಡಂತೆ ಸಿಮೆಂಟು ಬಿದ್ದಿದ್ದರೆ ಕೈಯಗಲ ಒಡೆಸಿ ಮಣ್ಣು ಬಿಡಿಸಬೇಕು. ಉದುರಿದ ಎಲೆಯನ್ನು ಗುಡ್ಡೆ ಮಾಡಿ ಸುಡುವುದರ ಬದಲು ಅಲ್ಲೇ ಹರಡಬಹುದು.

ಬರದ ಮರುವರ್ಷ ಕೆಲವು ಮರಗಳು ತಡವಾಗಿ ಚಿಗುರುತ್ತವೆ, ಅರ್ಧ ಮೈ ಮಾತ್ರ ಚಿಗುರುವುದೂ ಉಂಟು. ಅಷ್ಟರಲ್ಲಿ ಬೀದಿಯಲ್ಲಿ ಯಾರಾದರೂ ಇದು ಒಣಗಿದೆ, ಗಾಳಿಗೆ ಬಿದ್ದೀತು, ಕಡಿಸಿಬಿಡೋಣ ಎಂದು ಅರ್ಜಿ ಬರೆಯಲು ಕೂರುತ್ತಾರೆ. ನಿಜಕ್ಕೂ ಸತ್ತು ಮನೆಯ ಮೇಲೆ ವಾಲಿದ್ದರೆ ಕಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಿ ಹಾಕುವ ಮೊದಲು ಹೋಗಿ, ಎಳೆಯ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಂದು ಕಡೆ ಕಂದಾಗಿದ್ದರೆ ಇನ್ನೊಂದು ಕೊಂಬೆಯಲ್ಲಿ, ಅಲ್ಲೂ ಇಲ್ಲದಿದ್ದರೆ ಕಾಂಡದ ಹತ್ತಿರದ ರೆಂಬೆಯಲ್ಲಿ ನೋಡಿ. ಒಳಗೆ ಹಸಿರು ಪದರ ಕಂಡರೆ ಒಣಗಿದ ತುದಿಗಳನ್ನಷ್ಟೇ ತೆಗೆಸಿ, ಮುಂದಿನ ಮಳೆಗಾಲ ಕಳೆಯುವವರೆಗೆ ಅರ್ಜಿಯನ್ನು ತಡೆಹಿಡಿಯಲು ಹೇಳಿ.